ತುಟಿಗೆ ಕೂರುವ ಮಾತು

ಬಾರ್ಸಿಲೋನಾ, ಗ್ರಾಸಿಯಾದ ಒಂದು ನೆಲಮಾಳಿಗೆ.
ಗೋಡೆಗೆಲ್ಲ ಕಂಬಳಿ ಹೊದಿಸಿದ್ದರು, ಸದ್ದು ಸೋರದಂತೆ.
ಐವತ್ಮೂರರ ಚಳಿಗಾಲ. ಒಂದೇ ಮೈಕಿನ ಮುಂದೆ
ಕಿಟೇರಿಯಾ, ನಾನು, ನಮ್ಮಿಬ್ಬರ ನಡುವೆ
ಗಂಟಲಿಗೆಂದು ಒಂದು ಡಬ್ಬಿ ಜೇನುಮಿಠಾಯಿ.

ಫ್ರೆಂಚ್ ಚಿತ್ರ. ಬಂದರಿನ ಊರು.
ಕೈಗವಸು ಹೊಲಿಯುವವಳೊಬ್ಬಳು, ಔಷಧದಂಗಡಿಯವಳೊಬ್ಬಳು.
ಮೊದಲ ರೀಲಿನಲ್ಲೇ ಕೈಯಳತೆ ತೆಗೆಯುತ್ತಾಳೆ,
ಹೆಬ್ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ...
ಅಲ್ಲಿಗೆ ನಿಲ್ಲಬೇಕು ಟೇಪು. ನಿಲ್ಲುವುದಿಲ್ಲ.

ನಾನು ಕೈಗವಸಿನವಳ ದನಿ. ಕಿಟೇರಿಯಾ ಇನ್ನೊಬ್ಬಳದು.
ಇಡೀ ದೇಶದಲ್ಲಿ ನಮ್ಮ ಮುಖ ಕಂಡವರಿಲ್ಲ,
ದನಿ ಮಾತ್ರ ಎಲ್ಲರಿಗೂ ಪರಿಚಯ.

ಗುರುವಾರ ಬರುತ್ತಿದ್ದರು ಪಾದ್ರಿ ಬೊನಿಫಾಸಿ,
ಮೊಣಕಾಲಲ್ಲಿ ವಾತ, ಜೇಬಲ್ಲಿ ಎರಡು ಬಣ್ಣದ ಪೆನ್ಸಿಲು:
ಕೆಂಪು ತುದಿ ಕತ್ತರಿಸಲು, ನೀಲಿ ತುದಿ ತಿದ್ದಲು.
ಕೆಟ್ಟವರಲ್ಲ. ಚಿತ್ರ ಮುಗಿದಾಗ ಮೂಗೊರೆಸಿಕೊಂಡರು.
ಪಾಪ, ಎಂದರು, ಎಷ್ಟು ಒಬ್ಬಂಟಿ ಜೀವಗಳು,
ಅಕ್ಕತಂಗಿಯರಾದರೆ ಒಳ್ಳೆಯದಲ್ಲವೇ?

ನೀಲಿಯ ಒಂದೇ ಗೀಟಿಗೆ
ಒಂದೇ ಹೊಟ್ಟೆಯಲ್ಲಿ ಹುಟ್ಟಿಬಿಟ್ಟರು ಇಬ್ಬರೂ,
ಒಬ್ಬಳು ಬ್ರೆಸ್ಟಿನವಳು, ಒಬ್ಬಳು ಅಲ್ಜೀರಿಯಾದಿಂದ ಬಂದವಳು.

ಈ ಕಸುಬಿಗೊಂದು ಲೆಕ್ಕವಿದೆ:
ಪರದೆಯ ಮೇಲೆ ತುಟಿ ಮುಚ್ಚಿದರೆ ನಮ್ಮದೂ ಮುಚ್ಚಬೇಕು.
ಪ, ಬ, ಮ. ಈ ಮೂರರ ಹತ್ತಿರ ಸುಳ್ಳು ನಡೆಯುವುದಿಲ್ಲ,
ಉಳಿದ ಕಡೆ ಏನನ್ನಾದರೂ ತುರುಕಬಹುದು.
ಫ್ರೆಂಚಿನವರ ಆ ಮಾತು, ನಿಮಗೂ ಗೊತ್ತಲ್ಲ,
ತುಟಿ ಮುಚ್ಚಿಯೇ ಮುಗಿಯುತ್ತದೆ, ಮೆತ್ತಗೆ ಕದ ಎಳೆದುಕೊಂಡಂತೆ.
ಐದನೆಯ ರೀಲು. ದೀಪ ಆರಿಸುವ ಮುನ್ನ ಹೇಳುತ್ತಾಳೆ ಅವಳು.
ಪಾದ್ರಿಯವರು ಕೊಟ್ಟ ಸಾಲು:
'ಅಕ್ಕಾ, ನಾಳೆ ಬಲಿಪೂಜೆಗೆ ಬೇಗ ಏಳಬೇಕು.'

ಹನ್ನೊಂದು ಸಲ ಹೇಳಿದೆ. ಹನ್ನೊಂದು ಸಲವೂ
ನನ್ನ ಮಾತು ಬಾಯ್ತೆರೆದೇ ನಿಂತಿತು, ಅವಳ ತುಟಿ ಮುಚ್ಚಿತ್ತು.
ಹನ್ನೆರಡನೆಯ ಸಲ, ಸಾಲು ಮುಗಿದ ಮೇಲೆ,
ನಾನೂ ಮುಚ್ಚಿದೆ. ಮೂಗಿನಿಂದ ಬಂತು ಒಂದು
'ಮ್', ಅಷ್ಟೇ. ಬಿಸಿ ಸೂಪಿಗೆ, ಮಡಿಲಿಗೆ ಬಂದ ಬೆಕ್ಕಿಗೆ ಅನ್ನುವಂಥದ್ದು.
ಕಿಟೇರಿಯಾ ಮುಖ ತಿರುಗಿಸಿಕೊಂಡಳು.
ಪಾದ್ರಿಯವರು ಆ ಸದ್ದನ್ನು ಹಾಳೆಯ ಮೇಲೆ ಹುಡುಕಿದರು.
ಬರೆದಿರಲಿಲ್ಲ. ಬರೆಯದ್ದನ್ನು ಹೊಡೆದುಹಾಕುವುದು ಹೇಗೆ?
ಇರಲಿ, ನೆಗಡಿಯಿರಬೇಕು, ಎಂದರು.

ಲೇರಿಡಾದಲ್ಲಿ ಟಿಕೆಟ್ ಕೊಂಡು ನೋಡಿದೆವು.
ತಂಗಿ ಅಕ್ಕನ ಕೈಗವಸನ್ನು ಬೆರಳು ಬೆರಳಾಗಿ ಕಳಚುವಾಗ
ಬಾಲ್ಕನಿಯಲ್ಲಿ ಯಾರೋ ಕೆಮ್ಮಿದರು, ಆಮೇಲೆ ಇನ್ನೊಬ್ಬರು.
ಹಿಂದಿನ ಸಾಲಿನ ಮುದುಕಿ ತನಗೆ ತಾನೇ ಅಂದಳು,
'ನನಗೂ ಇದ್ದಳು ಒಬ್ಬ ಅಕ್ಕ. ಒಂದು ದಿನ ಹೀಗೆ ನೋಡಲಿಲ್ಲ.'

ಆ ವಸಂತದಲ್ಲಿ ಮನೆ ಹುಡುಕಿದೆವು.
ಒಡತಿ ದೋನ್ಯಾ ಉರ್ಸುಲಾ, ಕೊರಳಲ್ಲಿ ಸಂತರ ಮೂರು ಪದಕ.
'ಇಬ್ಬರೇ ಹೆಂಗಸರು? ಒಬ್ಬರಿಗೊಬ್ಬರು ಏನಾಗಬೇಕು?'
ನಾವು ಉತ್ತರ ಹೊಂದಿಸುವಷ್ಟರಲ್ಲಿ ಅವಳೇ ತಲೆದೂಗಿದಳು:
'ಈ ದನಿ ಎಲ್ಲೋ ಕೇಳಿದ್ದೇನೆ. ಹೌದು ಹೌದು,
ಅಕ್ಕತಂಗಿಯರೇ ನೀವು.' ಬೀಗದ ಕೈ ಕೊಟ್ಟಳು.

ಚರ್ಚಿನ ಮೊಹರು ಬಿದ್ದ ಸುಳ್ಳು.
ಅದರೊಳಗೆ ಮೂವತ್ತೊಂದು ವರ್ಷ ಅಡುಗೆ ಮಾಡಿದೆವು, ಜಗಳವಾಡಿದೆವು,
ಒಂದೇ ಹೊದಿಕೆಗೆ ಎಳೆದಾಡಿದೆವು.

ಆಸ್ಪತ್ರೆಯ ಗುಮಾಸ್ತ ಸಂಬಂಧದ ಕಲಂ ತೋರಿಸಿದ.
ಅವನ ಪೆನ್ನೂ ನೀಲಿ.
ಕೈ ತಾನಾಗಿ ಬರೆಯಿತು: ತಂಗಿ.
ಕಲ್ಲು ಕೆತ್ತುವವನೂ ಕೇಳದೆಯೇ ಕೆತ್ತಿದ,
ಪ್ರೀತಿಯ ಅಕ್ಕನಿಗೆ, ಎಂದು.

ಭಾನುವಾರ ಬೆಟ್ಟ ಹತ್ತಿ ಹೋಗುತ್ತೇನೆ.
ಕಲ್ಲಿನ ಮೇಲಿರುವುದನ್ನು ಇದ್ದಹಾಗೆ ಓದುತ್ತೇನೆ, ಜೋರಾಗಿ,
ದನಿಯೊಂದು ಇನ್ನೂ ಗಟ್ಟಿಯಿದೆ.
ಓದಿ ತುಟಿ ಮುಚ್ಚುತ್ತೇನೆ.
ಪಕ್ಕದ ಗೋರಿಗೆ ಹೂವಿಡಲು ಬಂದವರು
ನೆಗಡಿ ಅಂದುಕೊಳ್ಳಲಿ.